ಹುಳಿ ಸೊಪ್ಪನ್ನ ಹುಳಿ ಲೆಕ್ಕದಲ್ಲೇ ಬೇಯಿಸೋದು ಹೇಗೆ

ಚುಕ್ಕೆ ಸೊಪ್ಪು ಮೊದಲನೇ ಸಲ ತಂದಾಗ ನಾನು ಅದನ್ನ ಪಾಲಕ್ ಥರಾನೇ ಮಾಡಿದ್ದೆ. ಬೇಳೆ ಜೊತೆಗೇ ಕುಕ್ಕರಿಗೆ ಹಾಕ್ದೆ, ಎರಡು ಟೊಮೆಟೊ ಹೆಚ್ಚಿ ಹಾಕ್ದೆ, ಕೈ ರೂಢಿ ಮೇಲೆ ಒಂದು ಸೌಟು ಹುಣಸೆ ರಸಾನೂ ಬಿಟ್ಟೆ. ಮುಚ್ಚಳ ತೆಗೆದ್ರೆ ಬೇಳೆ ಕಾಳುಕಾಳಾಗಿ ಹಾಗೇ ನಿಂತಿದೆ, ಸೊಪ್ಪು ಎಲ್ಲಿ ಹೋಯ್ತೋ ಗೊತ್ತಿಲ್ಲ, ಬಾಯಿಗಿಟ್ರೆ ಹಲ್ಲು ಜುಮ್ ಅಂತು. ಅವತ್ತಿಂದ ಈ ಥರ ಸೊಪ್ಪುಗಳನ್ನ ಬೇರೆ ಬೇರೆ ರೀತಿ ಬೇಯಿಸಿ ನೋಡ್ತಾ ಬಂದಿದೀನಿ, ಕೊನೆಗೆ ಒಂದು ವಿಷಯ ತಲೇಲಿ ಕೂತಿದೆ: ಹುಳಿ ಸೊಪ್ಪನ್ನ ಅಡುಗೇಲಿ ಹುಣಸೆಹಣ್ಣು, ನಿಂಬೆಹಣ್ಣಿನ ಜಾಗದಲ್ಲಿ ಇಟ್ಟು ಲೆಕ್ಕ ಹಾಕ್ಬೇಕು. ಎಷ್ಟು ಹಾಕೋದು, ಯಾವಾಗ ಹಾಕೋದು, ಯಾವ ಪಾತ್ರೆ, ಉಪ್ಪು ಎಷ್ಟು ಎಲ್ಲಾನೂ ಇದೊಂದರಿಂದಾನೇ ಸರಿಹೋಗುತ್ತೆ.

ಕೈಯಲ್ಲಿರೋದು ಯಾವ ಸೊಪ್ಪು ಅಂತ ಮೊದ್ಲು ನೋಡ್ಕೊಳ್ಳಿ

ಹುಳಿ ಸೊಪ್ಪು ಅಂದ್ರೆ ಒಂದೇ ಗಿಡ ಅಲ್ಲ, ಹುಳಿಯೂ ಒಂದೇ ಥರ ಇರಲ್ಲ. ಸಾರೆಲ್ ಅಂತ ಕರೆಯೋದು ರುಮೆಕ್ಸ್ ಜಾತಿ ಗಿಡ, ಎಲೆ ಬಾಣದ ತುದಿ ಥರ ಉದ್ದಕ್ಕಿರುತ್ತೆ, ತೊಟ್ಟಿನ ಹತ್ರ ಎರಡು ಚೂಪಾದ ಕಿವಿ ಹಿಂದಕ್ಕೆ ಬಾಗಿರುತ್ತೆ. ಫ್ರೆಂಚ್ ಸಾರೆಲ್ ಅಂತ ಇನ್ನೊಂದಿದೆ, ಅದರ ಎಲೆ ಚಿಕ್ಕದು, ಗುರಾಣಿ ಆಕಾರ. ನಮ್ಮ ಚುಕ್ಕೆ ಸೊಪ್ಪೂ ಇದೇ ರುಮೆಕ್ಸ್ ಜಾತಿದೇ, ಎಲೆ ಸ್ವಲ್ಪ ದಪ್ಪ, ಮುರಿದ್ರೆ ನೀರು ಒಸರುತ್ತೆ. ಹಾಗಾಗಿ ಸಾರೆಲ್ ಅಂತ ಬರೆದಿರೋ ಯಾವ ಅಡುಗೆಗಾದ್ರೂ ಚುಕ್ಕೆ ಸೊಪ್ಪು ಧಾರಾಳವಾಗಿ ಹಾಕಬಹುದು, ಚುಕ್ಕೆ ಅಡುಗೆಗೆ ಸಾರೆಲ್ಲೂ ಆಗುತ್ತೆ.

ಪುಂಡಿ ಸೊಪ್ಪು ಬೇರೆ, ಅದು ದಾಸವಾಳದ ಜಾತಿ. ಎಲೆ ಬೆರಳು ಬಿಡಿಸಿದ ಹಾಗೆ ಸೀಳಿರುತ್ತೆ, ಚುಕ್ಕೆ ಥರ ಕರಗಿ ಹೋಗಲ್ಲ, ಬೆಂದ್ಮೇಲೂ ಮೈ ಇರುತ್ತೆ, ಸ್ವಲ್ಪ ಲೋಳೆನೂ ಇರುತ್ತೆ. ಕೆಂಪು ದಂಟಿಂದು ಹಸಿರು ದಂಟಿಗಿಂತ ಸಾಮಾನ್ಯವಾಗಿ ಹುಳಿ ಜಾಸ್ತಿ. ಇಲ್ಲೊಂದು ಗೊಂದಲ ಇದೆ ನೋಡಿ, ಕೆರಿಬಿಯನ್ ದ್ವೀಪಗಳ ಕಡೆ ಇದೇ ಪುಂಡಿ ಗಿಡದ ಕೆಂಪು ಪುಷ್ಪಪಾತ್ರೆಗೂ (ಹೂವಿನ ಬುಡದ ದಪ್ಪ ಹೊದಿಕೆ) ಅದರ ಪಾನಕಕ್ಕೂ ಸಾರೆಲ್ ಅಂತಾನೇ ಹೆಸರು. ರೆಸಿಪೀಲಿ ಸಾರೆಲ್ ಅಂತ ಇದ್ದು ಜೊತೇಲಿ ಶುಂಠಿ, ಸಕ್ಕರೆ, ಲವಂಗ ಹಾಕಿ ಕುದಿಸಿ ಸೋಸಿ ಅಂತ ಇದ್ರೆ ಅದು ಎಲೆ ಅಡುಗೆ ಅಲ್ಲ, ನಿಮ್ಮ ಚುಕ್ಕೆ ಸೊಪ್ಪನ್ನ ಅದಕ್ಕೆ ಹಾಕ್ಬೇಡಿ.

ಗೋಣಿ ಸೊಪ್ಪಿನ ಹುಳಿ ಮೆತ್ತಗಿನದು, ಎಲೆ ರಸಭರಿತ. ಈ ಗಿಡದ್ದು ಒಂದು ಸೊಗಸು ಇದೆ, ನೀರಿನ ಕೊರತೆ ಆದಾಗ ಅದು ರಾತ್ರಿ ಹೊತ್ತು ಗಾಳಿ ಒಳಗೆ ತಗೊಂಡು ಮ್ಯಾಲಿಕ್ ಆಮ್ಲ ಮಾಡಿ ಕೂಡಿಟ್ಕೊಳ್ಳುತ್ತೆ, ಹಗಲಲ್ಲಿ ಅದನ್ನ ಖರ್ಚು ಮಾಡುತ್ತೆ. ಅಂದ್ರೆ ಒಣಗಿದ ನೆಲದಲ್ಲಿ ಬೆಳೆದ ಗೋಣಿ ಸೊಪ್ಪು ಬೆಳಗ್ಗೆ ಕಿತ್ರೆ ಹುಳಿ, ಸಂಜೆ ಕಿತ್ರೆ ಸಪ್ಪೆ. ಕುಂಡದಲ್ಲಿ ಬೆಳೆಸೋರು ಒಂದೇ ಗಿಡದ ಎಲೆ ಎರಡು ಹೊತ್ತು ಬಾಯಿಗೆ ಹಾಕಿ ನೋಡಿ. ತಾನಾಗಿ ಬೆಳೆದಿದ್ದನ್ನ ಕೀಳೋದಾದ್ರೆ ಮಾತ್ರ ಹುಷಾರು: ನೆಲಕ್ಕಂಟಿ ಹಬ್ಬೋ ಬೇರೆ ಗಿಡಗಳೂ ನೋಡೋಕೆ ಹಾಗೇ ಇರುತ್ತೆ, ದಂಟು ಮುರಿದಾಗ ಬಿಳಿ ಹಾಲು ಬಂತು ಅಂದ್ರೆ ಅದು ಗೋಣಿ ಸೊಪ್ಪಲ್ಲ, ಅಲ್ಲೇ ಬಿಟ್ಟು ಕೈ ತೊಳ್ಕೊಳ್ಳಿ.

ಇನ್ನು ಹುಣಸೆ ಚಿಗುರು. ಇದರ ಹುಳಿ ಹುಣಸೆಹಣ್ಣಿನ ಹುಳಿನೇ, ಟಾರ್ಟಾರಿಕ್ ಆಮ್ಲ, ಜೊತೆಗೆ ಸಣ್ಣ ಒಗರು. ಮೂರೆಲೆ ಹುಳಿಸೊಪ್ಪು, ಅದೇ ಕುಂಡದ ಮೂಲೇಲಿ ಹೃದಯದಾಕಾರದ ಮೂರು ಮೂರು ಎಲೆ ಬಿಟ್ಕೊಂಡು ತಾನಾಗೇ ಬರುತ್ತಲ್ಲ, ಅದರ ಶಾಸ್ತ್ರೀಯ ಹೆಸರು ಆಕ್ಸಾಲಿಸ್. ಆಕ್ಸಾಲಿಕ್ ಆಮ್ಲಕ್ಕೆ ಹೆಸರು ಬಂದಿದ್ದೇ ಈ ಗಿಡದಿಂದ. ಇದನ್ನ ಪಲ್ಯ ಮಾಡೋಕೆ ಹೋಗ್ಬೇಡಿ, ನಾಲ್ಕೆಂಟು ಎಲೆ ಮೇಲೆ ಉದುರಿಸೋಕೆ ಸಾಕು.

ಹಸಿ ಎಲೆ ಅಗಿದು ನೋಡೋದು, ಬಿಡಿಸೋದು, ತೊಳೆಯೋದು

ಮೊದಲ ಕೆಲಸ ಇದು, ದಯವಿಟ್ಟು ಬಿಡ್ಬೇಡಿ. ಕಟ್ಟಿನ ಮಧ್ಯದಿಂದ ಒಂದು ಬಲಿತ ಎಲೆ, ಒಂದು ಎಳೇ ಎಲೆ ತೆಗೆದು ತೊಳೆದು ಅಗಿಯಿರಿ. ಎಳೇದು ನಿಂಬೆ ಸಿಪ್ಪೆ ಹತ್ರದ ಘಮದಲ್ಲಿ ತಿಳಿಯಾಗಿ ಹುಳಿ ಇರುತ್ತೆ, ಬಲಿತದ್ದು ಕಣ್ಣು ಮುಚ್ಚಿಸೋ ಹಾಗಿರುತ್ತೆ, ನಾರೂ ಸಿಗುತ್ತೆ. ಹೂವಿನ ದಂಟು ಬಂದ್ಮೇಲೆ ಕಿತ್ತ ಸೊಪ್ಪು ಇನ್ನೂ ಗಡಸು. ಹುಳಿ ಎಷ್ಟಿದೆ ಅನ್ನೋದು ಪುಸ್ತಕದ ಅಳತೇಲಿ ಸಿಗಲ್ಲ, ಈ ಒಂದು ಎಲೇಲಿ ಸಿಗುತ್ತೆ, ಮುಂದಿನ ಅಳತೆ ಎಲ್ಲ ಇದರ ಮೇಲೇನೇ.

ಸಾರೆಲ್, ಚುಕ್ಕೆಗೆ ಎಲೆಯನ್ನ ನಡುವಿನ ನರದ ಉದ್ದಕ್ಕೆ ಮಡಚಿ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತೊಟ್ಟನ್ನ ಮೇಲಕ್ಕೆ ಎಳೆದ್ರೆ ತೊಟ್ಟು ನರದ ಸಮೇತ ಬಂದ್ಬಿಡುತ್ತೆ. ಎಳೇ ಎಲೆಗೆ ಇದೇನೂ ಬೇಡ. ಪುಂಡೀಲಿ ಎಲೆ ಮಾತ್ರ ಕಿತ್ಕೊಳ್ಳಿ, ದಂಟು ಬೇಯಲ್ಲ. ಹುಣಸೆ ಚಿಗುರಲ್ಲಿ ಕೈಗೆ ಬಿರುಸು ಅನ್ಸಿದ ಕಡ್ಡಿ ಎಲ್ಲ ತೆಗೆದುಬಿಡಿ, ಇಲ್ಲಾಂದ್ರೆ ಊಟದಲ್ಲಿ ಪೊರಕೆ ಕಡ್ಡಿ ಸಿಕ್ಕಿದ ಹಾಗಾಗುತ್ತೆ.

ತೊಳೆಯುವಾಗ ಅಗಲ ಪಾತ್ರೇಲಿ ನೀರು ತುಂಬಿ ಸೊಪ್ಪು ಮುಳುಗಿಸಿ ಕೈಯಾಡಿಸಿ ಎರಡು ನಿಮಿಷ ಸುಮ್ನೆ ಬಿಡಿ, ಮಣ್ಣು ತಳಕ್ಕೆ ಕೂರುತ್ತೆ, ಆಮೇಲೆ ಸೊಪ್ಪನ್ನ ಮೇಲಿಂದ ಎತ್ಕೊಳ್ಳಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದ್ರೆ ಕೆಳಗಿನ ಮಣ್ಣೆಲ್ಲ ವಾಪಸ್ ಸೊಪ್ಪಿನ ಮೇಲೇನೇ ಬೀಳುತ್ತೆ. ಮೂರು ನೀರು ಸಾಕು.

ಪಾತ್ರೆ, ಚಾಕು

ಕಬ್ಬಿಣದ ಬಾಣಲೆ ಬೇಡ. ಅದರಲ್ಲಿ ಒಂದು ಸಲ ಚುಕ್ಕೆ ಬಾಡಿಸಿದ್ದೆ, ಎರಡು ನಿಮಿಷಕ್ಕೆ ಸೊಪ್ಪು ಮಸಿ ಬಣ್ಣಕ್ಕೆ ತಿರುಗ್ತು, ನಾಲಿಗೆ ಮೇಲೆ ನಾಣ್ಯ ಇಟ್ಟ ಹಾಗಿನ ರುಚಿ, ಬಾಣಲೆ ಪಳಗಿಸಿದ್ದ ಎಣ್ಣೆ ಪದರಾನೂ ಎದ್ದು ಹೋಯ್ತು. ಆಮ್ಲ ಲೋಹದ ಜೊತೆ ಸೇರಿ ಮಾಡೋ ಕೆಲಸ ಅದು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗೂ ಇದೇ ಮಾತು. ಸ್ಟೀಲ್, ಮಣ್ಣಿನ ಮಡಕೆ, ಎನಾಮಲ್ ಪಾತ್ರೆ ಒಳ್ಳೇದು. ಚಾಕೂ ಅಷ್ಟೆ, ತುಕ್ಕು ಹಿಡಿಯೋ ಜಾತಿ ಕಬ್ಬಿಣದ ಚಾಕು, ಈಳಿಗೆಮಣೇಲಿ ಹೆಚ್ಚಿದ್ರೆ ಎಲೆ ಅಂಚೂ ಕಪ್ಪು, ಅಲಗೂ ಕಪ್ಪು. ಸ್ಟೇನ್‌ಲೆಸ್ ಚಾಕು ತಗೊಳ್ಳಿ, ಇಲ್ಲಾಂದ್ರೆ ಕೈಯಲ್ಲೇ ಹರಿದುಬಿಡಿ.

ಎಷ್ಟು ಹಾಕೋದು

ಒಂದು ಬುಟ್ಟಿ ಚುಕ್ಕೆ ಬಿಸಿ ಪಾತ್ರೆಗೆ ಬಿದ್ರೆ ಒಂದು ಹಿಡಿ ಆಗುತ್ತೆ, ಅದನ್ನ ನೋಡಿ ಗಾಬರಿಯಾಗಿ ಇನ್ನೊಂದು ಕಟ್ಟು ಹಾಕೋರೇ ಜಾಸ್ತಿ. ಸೊಪ್ಪು ಕುಗ್ಗುತ್ತೆ, ಹುಳಿ ಕುಗ್ಗಲ್ಲ. 250 ಗ್ರಾಂ ಎಲೇಲಿದ್ದ ಆಮ್ಲ ಪೂರ್ತಿ ಆ ನಾಲ್ಕು ಚಮಚ ಮುದ್ದೇಲೇ ಇರುತ್ತೆ.

ನನ್ನ ಅಂದಾಜು ಹೇಳ್ತೀನಿ. 200 ಗ್ರಾಂ ಬೇಳೆಗೆ 100ರಿಂದ 120 ಗ್ರಾಂ ಬಿಡಿಸಿದ ಚುಕ್ಕೆ ಎಲೆ, ಪುಂಡಿ ಆದ್ರೆ 80ರಿಂದ ಶುರು ಮಾಡಿ, ಗೋಣಿ ಸೊಪ್ಪು ಆದ್ರೆ 250 ಗ್ರಾಂ ಹಾಕಿದ್ರೂ ನಡೆಯುತ್ತೆ. ಟೊಮೆಟೊ, ಹುಣಸೆ, ನಿಂಬೆ ಮೂರನ್ನೂ ಕೈಬಿಡಿ, ಕೊನೇಲಿ ರುಚಿ ನೋಡಿ ಬೇಕು ಅನ್ಸಿದ್ರೆ ಹಿಂಡ್ಕೊಳ್ಳೋಣ, ಹಾಕಿದ್ದನ್ನಂತೂ ತೆಗೆಯೋಕಾಗಲ್ಲ. ಸೊಪ್ಪು ತುಂಬ ಇರ್ಬೇಕು, ಹುಳಿ ಕಮ್ಮಿ ಇರ್ಬೇಕು ಅನ್ನೋರು ಒಂದು ಪಾಲು ಹುಳಿ ಸೊಪ್ಪಿಗೆ ಎರಡು ಪಾಲು ಪಾಲಕ್ಕೋ ದಂಟಿನ ಸೊಪ್ಪೋ ಬೆರೆಸಿ. ಹುಳಿ ಸೊಪ್ಪು ಸಿಗದೇ ಇದ್ದಾಗ ಪಾಲಕ್ ಬೇಯಿಸಿ ಒಲೆ ಆರಿಸಿದ್ಮೇಲೆ ನಿಂಬೆರಸ ಹಿಂಡಿದ್ರೆ ಹತ್ತಿರ ಹತ್ತಿರ ಬರುತ್ತೆ, ಅದೇ ಅಂತ ಹೇಳೋಕಾಗಲ್ಲ ಆದ್ರೆ ಕೆಲಸ ನಡೆಯುತ್ತೆ.

ಯಾವಾಗ ಹಾಕೋದು

ಇದು ಈ ಅಡುಗೆಯ ಜೀವ. ಬೇಳೆ, ಕಾಳು, ಆಲೂಗಡ್ಡೆ ಮೆತ್ತಗಾಗೋದು ಅದರ ಜೀವಕೋಶಗಳನ್ನ ಅಂಟಿಸಿರೋ ಪೆಕ್ಟಿನ್ ಕರಗಿದಾಗ. ಆಮ್ಲ ಇದ್ರೆ ಪೆಕ್ಟಿನ್ ಬೇಗ ಕರಗಲ್ಲ, ಗಟ್ಟಿಯಾಗಿ ಹಿಡ್ಕೊಂಡು ಕೂರುತ್ತೆ. ನನ್ನ ಮೊದಲನೇ ಸಲದ ಬೇಳೆ ಬೇಯದೇ ಉಳಿದಿದ್ದು ಅದಕ್ಕೇ, ಕುಕ್ಕರ್ ಇನ್ನೆರಡು ಸಲ ಕೂಗಿಸಿದ್ರೂ ಅದು ಸರಿಹೋಗ್ತಿರಲಿಲ್ಲ. ಹಾಗಾಗಿ ಬೇಯಬೇಕಾಗಿದ್ದೆಲ್ಲ ಪೂರ್ತಿ ಬೆಂದ್ಮೇಲೆ, ಬೇಳೆ ಬೆರಳಲ್ಲಿ ಹಿಸುಕಿದ್ರೆ ಹಿಟ್ಟಾಗ್ಬೇಕು, ಆಲೂಗಡ್ಡೆಗೆ ಚಾಕು ತಡೆಯಿಲ್ಲದೆ ಇಳೀಬೇಕು, ಆಮೇಲೆ ಸೊಪ್ಪು.

ಚುಕ್ಕೆ ಸಾರೆಲ್ಲಿಗೆ 3ರಿಂದ 4 ನಿಮಿಷ ಬೇಕಾದಷ್ಟಾಯ್ತು. ಪುಂಡಿಗೆ 10 ನಿಮಿಷವಾದ್ರೂ ಕೊಡಿ. ಗೋಣಿ ಸೊಪ್ಪು 5 ನಿಮಿಷ, ಅದಕ್ಕಿಂತ ಜಾಸ್ತಿ ಆದ್ರೆ ಲೋಳೆ ಬಿಡುತ್ತೆ.

ಬಣ್ಣದ ಬಗ್ಗೆ ಒಂದು ಮಾತು. ಸಣ್ಣಗೆ ಹೆಚ್ಚಿದ ಸಾರೆಲ್ ಬಿಸಿ ಬೆಣ್ಣೆಗೆ ಬಿದ್ದಾಗ ಹತ್ರ ನಿಂತು ನೋಡಿ. ಮೊದಲ ಕೆಲವು ಕ್ಷಣ ಪಚ್ಚೆ ಹಸಿರು ಫಳಫಳ ಅನ್ನುತ್ತೆ, ಇದ್ದಕ್ಕಿದ್ದಂಗೆ ಅಂಚಿಂದ ಒಳಗಡೆಗೆ ಒಣ ಎಲೆ ಬಣ್ಣ ಹರಡ್ತಾ ಬರುತ್ತೆ, ಎಲೆ ಎಲೆಯಾಗಿ ಉಳಿಯಲ್ಲ, ಚಮಚ ಎರಡು ಸಲ ಆಡಿಸೋದ್ರೊಳಗೆ ಮುದ್ದೆ. ಆಮ್ಲದ ಬಿಸಿಗೆ ಪತ್ರಹರಿತ್ತಿನ ಒಳಗಿರೋ ಮೆಗ್ನೀಸಿಯಂ ಕಳಚ್ಕೊಳ್ಳುತ್ತೆ, ಹಸಿರು ಹೋಗಿ ಆ ಕಂದು ಹಸಿರು ಬರುತ್ತೆ. ಕೆಟ್ಟಿಲ್ಲ, ಹೊತ್ತಿಲ್ಲ, ಇದರ ಬಣ್ಣಾನೇ ಹಾಗೆ. ಹಸಿರು ಉಳೀಲಿ ಅಂತ ಅಡುಗೆ ಸೋಡಾ ಹಾಕೋರಿದ್ದಾರೆ, ಸೋಡಾ ಹಾಕಿದ್ರೆ ಹುಳಿನೇ ಸತ್ತು ಸಾಬೂನು ವಾಸನೆ ಬರುತ್ತೆ, ಹುಳಿಗೋಸ್ಕರ ತಂದ ಸೊಪ್ಪಲ್ವಾ ಅದು. ಹಸಿರು ಬೇಕೇ ಬೇಕು ಅಂದ್ರೆ ಒಂದು ಹಿಡಿ ಹಸಿ ಎಲೆ ಎತ್ತಿಟ್ಟು ಸಣ್ಣಗೆ ಹೆಚ್ಚಿ ಬಡಿಸೋ ಮುಂಚೆ ಮೇಲೆ ಹಾಕಿ.

ಉಪ್ಪು ಎಲ್ಲಕ್ಕಿಂತ ಕೊನೆಗೆ. ಹುಳಿ ಜೊತೆ ಉಪ್ಪು ಎದ್ದು ಕಾಣುತ್ತೆ, ಪಾಲಕ್ಕಿಗೆ ಹಾಕೋ ಅಳತೇಲಿ ಹಾಕಿದ್ರೆ ಉಪ್ಪುಪ್ಪಾಗುತ್ತೆ. ಮುಕ್ಕಾಲು ಪಾಲು ಹಾಕಿ, ಐದು ನಿಮಿಷ ಬಿಟ್ಟು ರುಚಿ ನೋಡಿ, ಆಮೇಲೆ ಬೇಕಿದ್ರೆ ಇನ್ನು ಸ್ವಲ್ಪ.

ಬೇಳೆ ಜೊತೆ

200 ಗ್ರಾಂ ತೊಗರಿಬೇಳೆ, ಅರ್ಧ ಚಮಚ ಅರಿಶಿನ, ಒಂದು ಚಮಚ ಎಣ್ಣೆ, ಮೂರರಷ್ಟು ನೀರು, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ ಮಸೆದಿಡಿ. ಬೇರೆ ಪಾತ್ರೇಲಿ ಎರಡು ಚಮಚ ಎಣ್ಣೆ ಕಾಯಿಸಿ ಒಂದು ಈರುಳ್ಳಿ, ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಈರುಳ್ಳಿ ಬರೀ ಮೆತ್ತಗಾಗೋದು ಸಾಲ್ದು, ಅಂಚು ಕೆಂಪಾಗೋವರೆಗೆ ಹುರೀರಿ, ಯಾಕಂದ್ರೆ ಆ ಈರುಳ್ಳಿ ಸಿಹಿನೇ ಸೊಪ್ಪಿನ ಹುಳೀನ ಹಿಡಿದು ನಿಲ್ಲಿಸೋದು. ಅದಕ್ಕೆ ಹೆಚ್ಚಿದ ಚುಕ್ಕೆ 100 ಗ್ರಾಂ, ಬಾಡಿ ಮುದ್ದೆಯಾಗ್ಲಿ, ಆಮೇಲೆ ಬೇಳೆ ಹಾಕಿ ಒಂದೇ ಕುದಿ. ಉಪ್ಪು. ಕೊನೇಲಿ ತುಪ್ಪದಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ತುಪ್ಪದಲ್ಲಿ ಜಿಪುಣತನ ಬೇಡ, ಜಿಡ್ಡು ನಾಲಿಗೆ ಮೇಲೆ ಪದರ ಕಟ್ಟಿ ಹುಳಿ ಚುಚ್ಚದಂಗೆ ನೋಡ್ಕೊಳ್ಳುತ್ತೆ. ಮಾಡಿದ ತಕ್ಷಣಕ್ಕಿಂತ ಅರ್ಧ ಗಂಟೆ ಬಿಟ್ಟು ತಿಂದ್ರೆ ಹುಳಿ ಬೇಳೆಯೊಳಗೆ ಇಳಿದಿರುತ್ತೆ, ನನಗಂತೂ ಹಾಗೇ ಇಷ್ಟ.

ಪುಂಡಿ ಚಟ್ನಿ

ಇದಕ್ಕೆ ಎಲೆ ಒಣಗಿರ್ಬೇಕು ಅನ್ನೋದೇ ಮುಖ್ಯ. 200 ಗ್ರಾಂ ಎಲೆ ತೊಳೆದು ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಎರಡು ಗಂಟೆ ಬಿಡಿ, ಎಲೆ ಮೇಲೆ ಒಂದು ಹನಿ ನೀರೂ ಕಾಣಬಾರದು, ನೀರಿದ್ರೆ ಎಲೆ ಹುರಿಯೋ ಬದಲು ಬೇಯುತ್ತೆ, ಚಟ್ನಿ ಬೇಗ ಬೂಸ್ಟು ಹಿಡಿಯುತ್ತೆ. ಒಂದು ಚಮಚ ಎಣ್ಣೇಲಿ 10 ಒಣಮೆಣಸಿನಕಾಯಿ, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ ಸಣ್ಣ ಉರೀಲಿ ಹುರಿದು ತೆಗೆದಿಡಿ, ಮೆಂತ್ಯ ಕೆಂಪಾದ್ರೆ ಸಾಕು, ಕಪ್ಪಾದ್ರೆ ಇಡೀ ಚಟ್ನಿ ಕಹಿ. ಅದೇ ಬಾಣಲೆಗೆ ಇನ್ನು ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕಿ ಎಲೆ ಹಾಕಿ. ಮೊದ್ಲು ಕುಗ್ಗುತ್ತೆ, ಆಮೇಲೆ ತನ್ನ ನೀರು ಬಿಡುತ್ತೆ, ಚಟಪಟ ಸದ್ದು ಬರ್ತಿರುತ್ತೆ, ಆ ಸದ್ದು ನಿಂತು ಸೊಪ್ಪು ಒಂದೇ ಮುದ್ದೆಯಾಗಿ ಸುತ್ತ ಎಣ್ಣೆ ಬಿಟ್ಕೊಂಡಾಗ ಒಲೆ ಆರಿಸಿ, ಮಧ್ಯಮ ಉರೀಲಿ 8ರಿಂದ 10 ನಿಮಿಷ ಹಿಡಿಯುತ್ತೆ. ಪೂರ್ತಿ ತಣ್ಣಗಾದ್ಮೇಲೆ ಮೊದ್ಲು ಮೆಣಸಿನಕಾಯಿ ಮಸಾಲೆ, ಉಪ್ಪು, ಎಂಟು ಎಸಳು ಬೆಳ್ಳುಳ್ಳಿ ಪುಡಿ ಮಾಡ್ಕೊಂಡು, ಆಮೇಲೆ ಸೊಪ್ಪು ಹಾಕಿ ಎರಡೇ ಸುತ್ತು ತಿರುಗಿಸಿ. ನುಣ್ಣಗೆ ಮಾಡ್ಬೇಡಿ, ತರಿತರಿ ಇದ್ರೇನೇ ಚೆಂದ. ಹಸಿ ಬೆಳ್ಳುಳ್ಳಿ ಎಣ್ಣೇಲಿ ಇರೋದ್ರಿಂದ ಹೊರಗಿಡಬಾರದು, ಫ್ರಿಜ್ಜಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಕ್ರೀಮ್ ಸಾಸ್, ಸೂಪ್

ಸಾರೆಲ್ಲಿಗೆ ಬೆಣ್ಣೆ, ಕ್ರೀಮ್, ಮೊಟ್ಟೆ, ಮೀನು, ಆಲೂಗಡ್ಡೆ ಇವೆಲ್ಲ ಹೇಳಿ ಮಾಡಿಸಿದ ಜೊತೆ, ಕಾರಣ ಇವೆಲ್ಲಾ ಜಿಡ್ಡಿನವು ಅಥವಾ ಸಪ್ಪೆ, ಹುಳಿಗೆ ಕಾಯ್ಕೊಂಡಿರ್ತವೆ. ಎರಡು ದೊಡ್ಡ ಚಮಚ ಬೆಣ್ಣೇಲಿ ಸಣ್ಣ ಈರುಳ್ಳಿ ಬಣ್ಣ ಬರದಂಗೆ ಬಾಡಿಸಿ, 100 ಗ್ರಾಂ ಎಲೆ ಹಾಕಿ ಮುದ್ದೆಯಾದ ತಕ್ಷಣ 150 ಮಿಲಿ ಕ್ರೀಮ್ ಬಿಟ್ಟು ಎರಡು ನಿಮಿಷ ಸಣ್ಣ ಉರೀಲಿ ಇಡಿ, ಉಪ್ಪು, ಕಾಳುಮೆಣಸು. ಹಾಲು ಹಾಕಿದ್ರೆ ಒಡೆದು ಹೋಗುತ್ತೆ, ಕ್ರೀಮಿನಲ್ಲಿ ಕೊಬ್ಬು ಜಾಸ್ತಿ ಪ್ರೋಟೀನ್ ಕಮ್ಮಿ ಇರೋದ್ರಿಂದ ತಡ್ಕೊಳ್ಳುತ್ತೆ, ಆದ್ರೂ ಫ್ರಿಜ್ಜಿಂದ ತೆಗೆದು ತಣ್ಣಗಿರೋದನ್ನೇ ಸುರೀಬೇಡಿ. ಬೇಯಿಸಿದ ಮೊಟ್ಟೆ ಮೇಲೆ, ಹುರಿದ ಮೀನಿನ ಮೇಲೆ ಬಿಸಿಬಿಸಿ ಬಿಟ್ಕೊಂಡು ತಿನ್ನಿ. ಸೂಪಿಗೆ ಆಲೂಗಡ್ಡೆ ಈರುಳ್ಳಿ ನೀರಲ್ಲಿ ಪೂರ್ತಿ ಬೇಯಿಸಿ, ಕೊನೆಗೆ ಸೊಪ್ಪು ಹಾಕಿ ಮೂರು ನಿಮಿಷ, ಅಲ್ಲೇ ಮಸೆದ್ರೆ ಆಲೂಗಡ್ಡೆ ಪಿಷ್ಟವೇ ಗಟ್ಟಿ ಕೊಡುತ್ತೆ.

ಗೋಣಿ ಸೊಪ್ಪನ್ನ ಹಸಿಯಾಗೇ ಸೌತೆಕಾಯಿ ಜೊತೆ ಹೆಚ್ಚಿ ಮೊಸರಲ್ಲಿ ಕಲೆಸಿದ್ರೆ ಬೇರೇನೂ ಬೇಡ.

ಹುಳಿ ಜಾಸ್ತಿ ಆಗಿಹೋದ್ರೆ

ನೀರು ಹಾಕಿ ತೆಳ್ಳಗೆ ಮಾಡ್ಬೇಡಿ, ರುಚಿ ಎಲ್ಲಾ ಹೋಗಿ ಹುಳಿ ಮಾತ್ರ ಉಳಿಯುತ್ತೆ. ಬೇಯಿಸಿದ ಬೇಳೆ ಅಥವಾ ಮಸೆದ ಆಲೂಗಡ್ಡೆ ಸೇರಿಸಿ, ಇಲ್ಲಾಂದ್ರೆ ತೆಂಗಿನಕಾಯಿ ಹಾಲು. ಬೆಲ್ಲ ಕಡಲೆಕಾಳಿನಷ್ಟು ಹಾಕಿ ರುಚಿ ನೋಡಿ, ಸಿಹಿ ಅಂತ ಗೊತ್ತಾಗೋ ಮುಂಚೆ ನಿಲ್ಲಿಸಿ. ಖಾರ ಜಾಸ್ತಿ ಮಾಡಿದ್ರೆ ಹುಳಿ ಮುಚ್ಚುತ್ತೆ ಅಂತಾರೆ, ನನ್ನ ಅನುಭವದಲ್ಲಿ ಎರಡೂ ಸೇರಿ ಇನ್ನೂ ಉರಿಯುತ್ತೆ.

ಯಾರು ಹುಷಾರಾಗಿರ್ಬೇಕು

ಇದನ್ನ ಹೇಳದೇ ಬಿಟ್ರೆ ತಪ್ಪಾಗುತ್ತೆ. ಚುಕ್ಕೆ, ಸಾರೆಲ್, ಮೂರೆಲೆ ಹುಳಿಸೊಪ್ಪು ಇವುಗಳ ಹುಳಿ ಮುಖ್ಯವಾಗಿ ಆಕ್ಸಾಲಿಕ್ ಆಮ್ಲದಿಂದ, ಗೋಣಿ ಸೊಪ್ಪಲ್ಲೂ ಅದು ಇದೆ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳೇ, ಅಂದ್ರೆ ಇದೇ ಆಮ್ಲದ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಆಗೋ ಕಲ್ಲು, ಹಾಗಾಗಿ ಕಲ್ಲು ಆಗಿದ್ದೋರು, ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೇ ತಿನ್ನಬೇಡಿ. ಆರೋಗ್ಯವಾಗಿರೋರಿಗೆ ಊಟದಲ್ಲಿ ಆಗಾಗ ಒಂದು ಪದಾರ್ಥವಾಗಿ ತಿನ್ನೋಕೆ ಭಯ ಬೇಡ, ದಿನಾ ಹಸಿ ಸೊಪ್ಪಿನ ಜ್ಯೂಸ್ ಮಾಡಿ ಲೋಟಗಟ್ಟಲೆ ಕುಡಿಯೋ ಅಭ್ಯಾಸ ಮಾತ್ರ ಖಂಡಿತ ಬೇಡ. ಧಾರಾಳ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದ್ರೆ ಆಕ್ಸಲೇಟ್ ಒಂದಷ್ಟು ಹೋಗುತ್ತೆ, ಹುಳೀನೂ ಅದರ ಜೊತೆ ಹೋಗುತ್ತೆ. ಮೊಸರು, ಹಾಲಿನ ಪದಾರ್ಥ ಜೊತೇಲಿ ತಿಂದ್ರೆ ಅದರ ಕ್ಯಾಲ್ಸಿಯಂ ಹೊಟ್ಟೇಲೇ ಆಕ್ಸಲೇಟನ್ನ ಹಿಡ್ಕೊಳ್ಳುತ್ತೆ, ರಕ್ತಕ್ಕೆ ಸೇರೋದು ಕಮ್ಮಿ ಆಗುತ್ತೆ. ಇನ್ನೊಂದು, ರೂಬಾರ್ಬ್ ಅಂತ ಚುಕ್ಕೆ, ಸಾರೆಲ್ ಕುಟುಂಬದ ಗಿಡ ಇದೆ, ಅದರ ದಂಟು ತಿಂತಾರೆ, ಎಲೆ ವಿಷ. ಹುಳಿ ಎಲೆ ಅಂತ ಅದನ್ನ ಯಾವತ್ತೂ ಬೇಯಿಸ್ಬೇಡಿ.

ಉಳಿದ ಸೊಪ್ಪು

ತೊಳೆಯದೇ, ಒಣ ಬಟ್ಟೇಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬೀಲಿಟ್ರೆ ಮೂರ್ನಾಲ್ಕು ದಿನ ಬರುತ್ತೆ. ಜಾಸ್ತಿ ಸೊಪ್ಪು ಸಿಕ್ಕಾಗ ನಾನು ಮಾಡೋದು ಇಷ್ಟೆ, ಎಲ್ಲಾನೂ ಸ್ವಲ್ಪ ಎಣ್ಣೇಲಿ ಮುದ್ದೆ ಆಗೋವರೆಗೆ ಬಾಡಿಸಿ ಉಪ್ಪು ಹಾಕದೇ ಆರಿಸಿ ಐಸ್ ಟ್ರೇಗೆ ತುಂಬಿ ಫ್ರೀಜರಲ್ಲಿಡ್ತೀನಿ, ಗಟ್ಟಿಯಾದ್ಮೇಲೆ ಬಿಡಿಸಿ ಕವರಿಗೆ ಹಾಕಿ ಮೇಲೆ ತಾರೀಕು ಬರೀತೀನಿ. ಮೂರು ತಿಂಗಳವರೆಗೆ ರುಚಿ ಚೆನ್ನಾಗೇ ಇರುತ್ತೆ. ಬೇಳೆ ಬೆಂದಿದೆ, ಹುಣಸೆಹಣ್ಣು ನೆನೆಹಾಕಿಲ್ಲ ಅನ್ನೋ ದಿನ ಅದರಲ್ಲಿ ಎರಡು ತುಂಡು ತೆಗೆದು ಕುದಿಯೋ ಪಾತ್ರೆಗೆ ಹಾಕ್ತೀನಿ.